ಕಾರಿನ ರಿವರ್ಸ್ ಕ್ಯಾಮೆರಾದಲ್ಲಿ ನೇರ ಗೋಡೆ ಬಾಗಿ ಕಾಣೋದು ಯಾಕೆ? ಲೆನ್ಸ್ ಕಳಪೆನಾ?

ಕಳಪೆ ಅಲ್ಲ, ಬೇಕಂತಲೇ ಬಾಗಿಸಿರೋದು. ನನ್ನ ಕೆಲಸವೇ ಇಂಥ ಲೆನ್ಸ್ ಡಿಸೈನ್ ಮಾಡೋದು, ಅದಕ್ಕೇ ಬರೆಯುತ್ತಿದ್ದೇನೆ.

ಗೋಡೆ ನೇರವಾಗಿ ಕಾಣಬೇಕು ಅಂದರೆ, ಬೆಳಕು ಬರುವ ಕೋನ ಹೆಚ್ಚಿದಂತೆ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲಿನ ಬಿಂದು ಆ ಕೋನದ ಟ್ಯಾನ್ (ಶಾಲೆಯ ತ್ರಿಕೋನಮಿತಿಯ ಟ್ಯಾಂಜೆಂಟ್) ಲೆಕ್ಕದಲ್ಲಿ ನಡುವಿನಿಂದ ದೂರ ಹೋಗಬೇಕು. 45 ಡಿಗ್ರಿಗೆ ಟ್ಯಾನ್ 1, 80ಕ್ಕೆ 5.67, 90ಕ್ಕೆ ಲೆಕ್ಕವೇ ಇಲ್ಲ, ಅನಂತ. ಅಲ್ಲಿಗೆ ಎಡದಿಂದ ಬಲಕ್ಕೆ 180 ಡಿಗ್ರಿ, ಅಂದರೆ ನಡುವಿನಿಂದ ಎರಡೂ ಕಡೆ 90, ನೋಡಬೇಕಾದ ಲೆನ್ಸ್‌ಗೆ ಎಷ್ಟು ದೊಡ್ಡ ಸೆನ್ಸರ್ ಕೊಟ್ಟರೂ ಸಾಲದು ಅಲ್ವಾ? ಅದಕ್ಕೆ ಟ್ಯಾನ್ ಬಿಟ್ಟು, ಪ್ರತಿ ಡಿಗ್ರಿಗೂ ಹೆಚ್ಚುಕಡಿಮೆ ಅಷ್ಟಷ್ಟೇ ಜಾಗ ಹಂಚುತ್ತೇವೆ. ಗೆರೆ ಬಾಗುತ್ತದೆ, ಆದರೆ ಮೂಲೆಯಲ್ಲಿ ನಿಂತ ಮಗು ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ನೇರ ಮಾಡಬಹುದು, ಆದರೆ ಅಂಚಿನ ನಾಲ್ಕಾರು ಪಿಕ್ಸೆಲ್ ಹಿಡಿದು ರಬ್ಬರ್ ತರ ಎಳೆದಂತಾಗುತ್ತದೆ.

ಇನ್ನು ಗಾತ್ರ. ಮುಂದೆ ಬಟ್ಟಲಿನ ಹಾಗೆ ಒಳಗೆ ಕುಳಿಬಿದ್ದ ಗಾಜು ಇರುತ್ತದೆ, ಪಕ್ಕದಿಂದ ಬರುವ ಬೆಳಕನ್ನು ಒಳಕ್ಕೆ ತಿರುಗಿಸುವುದು ಅದೇ. ಅದರ ಹಿಂದೆ ನಾಲ್ಕೈದು ಚಿಕ್ಕ ಲೆನ್ಸ್. ನಂಬರ್ ಪ್ಲೇಟ್ ಲೈಟ್ ಪಕ್ಕ ಕೂರಬೇಕು ಅಂತ ಗ್ರಾಹಕರು ಮುಂದಿನ ಗಾಜನ್ನೇ ಕುಗ್ಗಿಸಿ ಅನ್ನುತ್ತಾರೆ, ಕುಗ್ಗಿಸಿದಷ್ಟೂ ಅದರ ಕುಳಿ ಆಳವಾಗುತ್ತದೆ, ತಯಾರಿಸುವವರು ನಮ್ಮನ್ನು ಬೈಯುತ್ತಾರೆ.

ಆದರೆ ನಿಜವಾದ ತಲೆನೋವು ಇದ್ಯಾವುದೂ ಅಲ್ಲ, ಬಿಸಿಲು.

ಕಲ್ಲು, ಮರಳು ಬಡಿಯುತ್ತೆ ಅಂತ ಮುಂದೆ ಗಾಜು ಹಾಕುತ್ತೇವೆ. ಒಳಗೆ ಪ್ಲಾಸ್ಟಿಕ್ ಹಾಕುವ ಆಸೆ, ಯಾಕೆಂದರೆ ಬೇಕಾದ ವಕ್ರ ಆಕಾರಕ್ಕೆ ಅಚ್ಚಿನಲ್ಲಿ ಅಗ್ಗವಾಗಿ ಸುರಿಯಬಹುದು. ಬಿಸಿಯಾದರೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಜೊತೆಗೆ ಬೆಳಕನ್ನು ಬಗ್ಗಿಸುವ ಶಕ್ತಿಯೂ ಇಳಿಯುತ್ತದೆ. 1.5 ಮಿ.ಮೀ. ಫೋಕಲ್ ಲೆಂಗ್ತ್‌ನ (ಲೆನ್ಸ್‌ನಿಂದ ಬೆಳಕು ಕೂಡುವ ಜಾಗಕ್ಕಿರುವ ದೂರ) ಒಂದು ಪ್ಲಾಸ್ಟಿಕ್ ಲೆನ್ಸ್ ಇದ್ದದ್ದಕ್ಕಿಂತ 60 ಡಿಗ್ರಿ ಹೆಚ್ಚು ಬಿಸಿಯಾದರೆ ಫೋಕಸ್ ಸುಮಾರು 25 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಹಿಂದಕ್ಕೆ ಜಾರುತ್ತದೆ. ಚಿತ್ರ ಮಸುಕಾಗದಂತೆ ಜಾರಲು ನಮಗೆ ಸಿಗುವ ಅವಕಾಶ ಹತ್ತು ಮೈಕ್ರಾನ್ ಆಸುಪಾಸು, ಅಷ್ಟೇ.

ನನ್ನ ಮೊದಲ ಡಿಸೈನ್ ಕಂಪ್ಯೂಟರ್‌ನಲ್ಲಿ ಸೊಗಸಾಗಿತ್ತು, ಯಾಕೆಂದರೆ ನಾನು ಬರೀ 20 ಡಿಗ್ರಿಯಲ್ಲಿ ನೋಡಿದ್ದೆ. ಸ್ಯಾಂಪಲ್ ಬಂತು, ಬಿಸಿ ಮಾಡಿ ಪರೀಕ್ಷಿಸುವ ಚೇಂಬರ್‌ನಲ್ಲಿಟ್ಟು 85ಕ್ಕೆ ಏರಿಸಿದೆವು. ಸ್ಪಷ್ಟತೆ ಅಳೆಯುವ ಚಾರ್ಟ್‌ನ ಕಪ್ಪು ಬಿಳಿ ಗೆರೆಗಳು ಮೊದಲು ಮೂಲೆಯಲ್ಲಿ ಮಸುಕಾದವು, ಆಮೇಲೆ ನಡುವೆಯೂ ಕಲಸಿಹೋಗಿ ಬೂದು ಗಂಜಿ. ತಣ್ಣಗಾದ ಮೇಲೆ ಏನೂ ಆಗೇ ಇಲ್ಲ ಅನ್ನೋ ತರ ಮತ್ತೆ ಸ್ಪಷ್ಟ! ಕೊನೆಗೆ ಮುಖ್ಯ ಉಬ್ಬು ಲೆನ್ಸನ್ನು ಗಾಜಿಗೆ ಬದಲಾಯಿಸಿದೆ, ಉಳಿದ ಪ್ಲಾಸ್ಟಿಕ್‌ನಲ್ಲಿ ಒಂದು ಉಬ್ಬು ಒಂದು ತಗ್ಗು ಜೋಡಿ ಮಾಡಿದೆ. ಒಂದರ ಜಾರುವಿಕೆಯನ್ನು ಇನ್ನೊಂದು ತಿನ್ನುತ್ತದೆ.

ಹಾಗಾಗಿ ಗೋಡೆ ಬಾಗಿದ್ದಕ್ಕೆ ಸುಮ್ನೆ ಚಿಂತೆ ಬೇಡ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದಾಗ ಮಸುಕಾಗಿ ಸಂಜೆ ಸರಿಯಾದರೆ ಲೆನ್ಸ್ ಮೇಲೆ ಅನುಮಾನ ಪಡಿ. ಗಾಜಿನ ಒಳಗೆ ಹಬೆ ಕಟ್ಟಿದ್ದರೆ ಮಾತ್ರ ಅದು ಸೀಲ್ ಹೋಗಿರೋದು, ಆ ಬೈಗುಳ ನಮಗಲ್ಲ.