ಬ್ಲೈಂಡ್ ಗಾರ್ಡಿಯನ್‌ನ 'ನೈಟ್‌ಫಾಲ್ ಇನ್ ಮಿಡಲ್-ಅರ್ತ್': ಮಾತಿನ ತುಣುಕುಗಳನ್ನು ತೆಗೆದುಹಾಕಬಹುದೇ?

ಬ್ಲೈಂಡ್ ಗಾರ್ಡಿಯನ್ ಜರ್ಮನಿಯ ಮೆಟಲ್ ಬ್ಯಾಂಡ್. ಅವರ ಈ ಆಲ್ಬಮ್ ಬಗ್ಗೆ ನೀವು ಕೇಳಿದ್ದು ಎರಡು. 22 ಟ್ರ್ಯಾಕುಗಳಲ್ಲಿ ಅರ್ಧದಷ್ಟು ಬರೀ ಮಾತು, ಸದ್ದು. ಅವನ್ನು ಡಿಲೀಟ್ ಮಾಡಿದರೆ ನಷ್ಟವೇ? ಹಾಡಿನಿಂದ ಹಾಡಿಗೆ ಹೋಗುವಾಗ ಯಾಕೆ ತಡವರಿಸುತ್ತದೆ?

ಡಿಲೀಟ್ ಮಾಡಬೇಡಿ. 1998ರ ಈ ಆಲ್ಬಮ್ ಟೋಲ್ಕಿನ್‌ರ 'ಸಿಲ್ಮರಿಲಿಯನ್' ಕಥೆಗಳ ಮೇಲೆ ನಿಂತಿದೆ, ಮುಂದಿನ ಹಾಡಿನಲ್ಲಿ ಮಾತಾಡುತ್ತಿರುವವರು ಯಾರು ಅನ್ನುವುದನ್ನು ಬಹಳ ಸಲ ಆ ತುಣುಕುಗಳೇ ಹೇಳುತ್ತವೆ. 7ನೆಯ 'ಕ್ಯಾಪ್ಚರ್ಡ್'ನಲ್ಲಿ ಸೆರೆಸಿಕ್ಕ ಮೈಧ್ರೋಸ್‌ನನ್ನು (ಎಲ್ಫ್ ಎಂಬ ಅಮರ ಜನಾಂಗದ ರಾಜಕುಮಾರ) ಕಥೆಯ ಖಳನಾಯಕ ಮೊರ್ಗೋತ್ ಹಂಗಿಸುತ್ತಾನೆ. 8ನೆಯ 'ಬ್ಲಡ್ ಟಿಯರ್ಸ್' ಬಂಡೆಗೆ ಮುಂಗೈಯಿಂದ ನೇತುಬಿದ್ದ ಅದೇ ಮೈಧ್ರೋಸ್‌ನ ಹಾಡು. ಮೊದಲನೆಯದನ್ನು ತೆಗೆದರೆ ಎರಡನೆಯದು ಯಾರೋ ಅಳುತ್ತಿರುವ ಹಾಡಾಗಿಬಿಡುತ್ತದೆ. 3ನೆಯ 'ಲಾಮ್ಮೋತ್' ಅರ್ಧ ನಿಮಿಷದ ಕಿರುಚಾಟ, ನಿಜ. ಆದರೆ 2ರಲ್ಲಿ ಸಿಲ್ಮರಿಲ್ ಎಂಬ ರತ್ನಗಳಿಗಾಗಿ ದೈತ್ಯ ಜೇಡ ಉಂಗೋಲಿಯಂಟ್ ಜತೆ ಜಗಳಕ್ಕೆ ಬಿದ್ದ ಮೊರ್ಗೋತ್ ಕಿರುಚುವುದೇ ಅದು. 16ರಲ್ಲಿ ಎಲ್ಫ್ ರಾಜ ಫಿನ್ರೋಡ್ ಸಾಯುತ್ತಾನೆ, 17ನೆಯ 'ನೋಮ್ ದಿ ವೈಸ್'ನಲ್ಲಿ ಅವನ ಮನುಷ್ಯ ಗೆಳೆಯ ಬೆರೆನ್ ಅವನಿಗಾಗಿ ದುಃಖಿಸುತ್ತಾನೆ. ('ನೋಮ್' ಮನುಷ್ಯರು ಫಿನ್ರೋಡ್‌ಗೆ ಇಟ್ಟ ಹೆಸರು, ಅರ್ಥ, ವಿವೇಕ.)

ಗೊಂದಲಕ್ಕೆ ಇನ್ನೊಂದು ಕಾರಣ ಹಾಡುಗಳ ಕ್ರಮ. 1ನೆಯ ಟ್ರ್ಯಾಕ್ ಕಥೆಯ ಕೊನೆ: ಮೊರ್ಗೋತ್ ಸೋತಾಗಿದೆ. ಅಲ್ಲಿಂದ ಹಿಂದಕ್ಕೆ ಹೋಗುತ್ತಾರೆ. ಎಲ್ಫ್‌ಗಳು ಗೊಂಡೋಲಿನ್ ಎಂಬ ಗುಪ್ತ ನಗರ ಕಟ್ಟುವ 'ಮಿರರ್ ಮಿರರ್' 9ರಲ್ಲಿದೆ, ಅದಕ್ಕಿಂತ ಮೊದಲೇ ನಡೆದ ಹಿಮ ದಾಟುವ ಪಯಣ 11ರಲ್ಲಿ. ಹಾಗಾಗಿ ಇಸವಿ ಜೋಡಿಸಲು ಕೂರಬೇಡಿ. ಪುಸ್ತಕ ಪೂರ್ತಿ ಓದುವ ಪುರುಸೊತ್ತಿಲ್ಲದಿದ್ದರೆ ಅದರ ಮುಖ್ಯ ಭಾಗವಾದ 'ಕ್ವೆಂಟಾ'ದ 9, 13, 16, 18, 19, 20ನೆಯ ಅಧ್ಯಾಯ ಸಾಕು. ಒಂದನ್ನೇ ಓದುವುದಾದರೆ 18: ಎಲ್ಫ್ ರಾಜ ಫಿಂಗೋಲ್ಫಿನ್ ಒಬ್ಬನೇ ಹೋಗಿ ಮೊರ್ಗೋತ್‌ನನ್ನು ದ್ವಂದ್ವಕ್ಕೆ ಕರೆದು ಏಳು ಗಾಯ ಮಾಡಿ ಸಾಯುವುದು ಅಲ್ಲಿ. 13ನೆಯ ಟ್ರ್ಯಾಕ್ 'ಟೈಮ್ ಸ್ಟ್ಯಾಂಡ್ಸ್ ಸ್ಟಿಲ್' ಅದೇ ಕಾಳಗ. ನನ್ನ ಮಟ್ಟಿಗೆ ಇಡೀ ಆಲ್ಬಮ್‌ನ ನೆತ್ತಿ ಅದು. 'ಮಿರರ್ ಮಿರರ್' ಹೆಚ್ಚು ಜನಪ್ರಿಯ, ಇರಲಿ.

ಇನ್ನು ತಡವರಿಕೆ. ತಪ್ಪು ಆಲ್ಬಮ್‌ನದಲ್ಲ. ಎಂಪಿ3 ಮಾಡುವಾಗ ಪ್ರತಿ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ. ಅದನ್ನು ಕತ್ತರಿಸಲು ಬಾರದ ಪ್ಲೇಯರ್‌ನಲ್ಲಿ ಪ್ರತಿ ಜೋಡಣೆಯಲ್ಲೂ ಮುಗ್ಗರಿಸಿದಂತೆ ಕೇಳುತ್ತದೆ. ಸೀಡಿಯಿಂದ ತೆಗೆಯುವುದಾದರೆ ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್ ರೂಪ) ಮಾಡಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಬೆಂಬಲಿಸುವ ಪ್ಲೇಯರ್‌ನಲ್ಲಿ ಹಾಕಿ; ಕಂಪ್ಯೂಟರ್‌ನಲ್ಲಾದರೆ ಫೂಬಾರ್2000 ಆದೀತು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಗ್ಯಾಪ್‌ಲೆಸ್ ಆನ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವುದು) ಸೊನ್ನೆ, ಶಫಲ್ ಆಫ್. ಕ್ರಾಸ್‌ಫೇಡ್ 5 ಸೆಕೆಂಡ್ ಇದ್ದರೂ 'ಲಾಮ್ಮೋತ್'ನಂಥ ತುಣುಕಿನ ಎರಡೂ ತುದಿ ನುಂಗಿಹೋಗುತ್ತವೆ. ಕಾರಿಗೆಂದು ಸೀಡಿ ಬರೆಯುವವರು ಡಿಸ್ಕ್-ಅಟ್-ಒನ್ಸ್ (ಇಡೀ ಡಿಸ್ಕ್ ಒಂದೇ ಸಲ ಬರೆಯುವ ವಿಧಾನ) ಆರಿಸಿ. ಟ್ರ್ಯಾಕ್-ಅಟ್-ಒನ್ಸ್ ಆದರೆ ನಡುನಡುವೆ 2 ಸೆಕೆಂಡ್ ಖಾಲಿ ಬೀಳುತ್ತದೆ.

ಸದ್ದು 'ಎಲ್ಲ ಕಲಸಿಹೋದಂತಿದೆ' ಎಂದೂ ಅಂದಿದ್ದೀರಿ. ಬಾಸ್ ಬೂಸ್ಟ್ ಮೊದಲು ತೆಗೆಯಿರಿ. ಬ್ಯಾಂಡಿನ ಗಾಯಕ ಹನ್ಸಿ ಕ್ಯೂರ್ಶ್ ಈ ಆಲ್ಬಮ್‌ನಿಂದ ಬಾಸ್ ಗಿಟಾರ್ ಬಿಟ್ಟು ಹಾಡುವುದಕ್ಕಷ್ಟೇ ನಿಂತರು (ಇಲ್ಲಿ ಬಾಸ್ ನುಡಿಸಿದ್ದು ಒಲಿವರ್ ಹೋಲ್ಟ್ಸ್‌ವಾರ್ತ್). ಪಲ್ಲವಿಗಳಲ್ಲಿ ದನಿಯ ಮೇಲೆ ದನಿ ಪೇರಿಸಿದ್ದಾರೆ, ಆಂಡ್ರೆ ಓಲ್ಬ್ರಿಖ್ ಗಿಟಾರ್ ಕೂಡ ಆ ಮಧ್ಯದ ಸ್ಥಾಯಿಯಲ್ಲೇ ಓಡುತ್ತದೆ. ಫೋನಿನ ಸ್ಪೀಕರ್‌ಗೆ ಇವೆರಡನ್ನು ಬಿಡಿಸಿ ಕೊಡುವ ಶಕ್ತಿಯಿಲ್ಲ. ಸಾಧಾರಣ ವೈರಿನ ಇಯರ್‌ಫೋನ್ ಸಾಕು. ಕಿವಿ ಪಳಗಿಸಲು 16ನೆಯ ಟ್ರ್ಯಾಕಿನಿಂದ ಶುರುಮಾಡಿ, ಅದು ಬಹುಪಾಲು ಪಿಯಾನೋ ಮತ್ತು ಒಂದು ದನಿ. ಆಮೇಲೆ 4, 9, 13. ನಂತರ 1ರಿಂದ ಒಂದೇ ಕೂತಿಗೆ. ಒಂದು ಗಂಟೆಗೆ ತುಸು ಮೇಲೆ ಹಿಡಿಯುತ್ತದೆ.

2007ರ ಮರುಮುದ್ರಣದಲ್ಲಿ 23ನೆಯದಾಗಿ 'ಹಾರ್ವೆಸ್ಟ್ ಆಫ್ ಸಾರೋ' ಸೇರಿಸಿದ್ದಾರೆ. ಒಳ್ಳೆಯ ಹಾಡೇ, ಆದರೆ 22ರ ನಿರೂಪಣೆ ಕಥೆಗೆ ತೆರೆ ಎಳೆದಾಗಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಅದನ್ನು ಇನ್ನೊಂದು ದಿನ ಬೇರೆಯಾಗಿ ಕೇಳಿ.