ಇಟಲಿಯಲ್ಲಿ ಬಾಡಿಗೆ ಕಾರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಇಟಲಿಗೆ ಹೊರಟಿರುವ ಓದುಗರಿಂದ ಬಾಡಿಗೆ ಕಾರಿನ ಬಗ್ಗೆ ಪತ್ರಗಳು ಬಂದಿವೆ. ಎಲ್ಲರಿಗೂ ಭಯ ಇರುವುದು ರಸ್ತೆಯದು. ಬಲಗಡೆ ಓಡಿಸಬೇಕಲ್ಲ, ಆಗುತ್ತಾ ಅಂತ. ನಿಜ ಹೇಳಬೇಕೆಂದರೆ ರಸ್ತೆ ಅಷ್ಟು ಕಷ್ಟವಿಲ್ಲ. ಜನರ ದುಡ್ಡು ಹೋಗುವುದು ಬಾಡಿಗೆ ಕಂಪನಿಯ ಕೌಂಟರ್‌ನಲ್ಲಿ ಮತ್ತು ಹಳೇ ಊರುಗಳ ಬಾಗಿಲಲ್ಲಿ. ಅವೆರಡಕ್ಕೂ ಊರು ಬಿಡುವ ಮೊದಲೇ ತಯಾರಿ ಮಾಡಿಕೊಳ್ಳಬಹುದು. ಹಾಗಾಗಿ ಈ ಸಲ ಆ ಪ್ರಶ್ನೆಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು, ಹೆಂಡತಿ, ಎಂಟು ವರ್ಷದ ಮಗಳು ಮತ್ತು ಅಮ್ಮ ಸೆಪ್ಟೆಂಬರ್‌ನಲ್ಲಿ ಹತ್ತು ದಿನಕ್ಕೆ ಹೋಗುತ್ತಿದ್ದೇವೆ. ರೋಮ್, ಫ್ಲಾರೆನ್ಸ್, ಪೀಸಾ, ಆಮೇಲೆ ಟಸ್ಕನಿಯ ಹಳ್ಳಿಗಳು. ರೋಮ್ ಏರ್‌ಪೋರ್ಟ್‌ನಲ್ಲೇ ಕಾರು ತೆಗೆದುಕೊಂಡು ಹತ್ತು ದಿನವೂ ಇಟ್ಟುಕೊಳ್ಳೋಣ ಅಂತಿದ್ದೇವೆ. ಅಮ್ಮನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ. ಇದು ಸರಿನಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹತ್ತು ದಿನ ಬೇಡ. ರೋಮ್‌ನಲ್ಲಿ ಕಾರು ಇದ್ದರೆ ಅದನ್ನು ಎಲ್ಲಿ ನಿಲ್ಲಿಸುವುದು ಅನ್ನುವುದೇ ದಿನದ ಕೆಲಸವಾಗುತ್ತದೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ, ಇಳಿಯುವುದೂ ಊರಿನ ನಡುವೆಯೇ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಸಾಮಾನ್ಯ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಈ ಮೂರು ಊರಿಗೆ ಕಾರು ಸುಮ್ನೆ ಹೊರೆ.

ಕಾರು ಬೇಕಾಗುವುದು ಹಳ್ಳಿಗಳಿಗೆ. ಕಿಯಾಂಟಿ ಬೆಟ್ಟಗಳ ದ್ರಾಕ್ಷಿ ತೋಟಗಳು, ಪಿಯೆಂಜಾ, ಮೊಂಟಾಲ್ಚಿನೊ ಇರುವ ವಾಲ್ ದೋರ್ಚಾ ಕಣಿವೆ, ಇಲ್ಲೆಲ್ಲ ಬಸ್ಸು ಕಡಿಮೆ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಅಮ್ಮ ಜೊತೆಗಿದ್ದಾರೆ ಅಂದಮೇಲೆ ಇಲ್ಲಿ ಕಾರು ಇರಲೇಬೇಕು. ಫ್ಲಾರೆನ್ಸ್ ನೋಡಿ ಮುಗಿಸಿ, ಹೊರಡುವ ದಿನ ಬೆಳಿಗ್ಗೆ ಅಲ್ಲಿನ ಏರ್‌ಪೋರ್ಟ್‌ನಲ್ಲಿ ಕಾರು ತೆಗೆದುಕೊಳ್ಳಿ. ರೈಲ್ವೆ ಸ್ಟೇಷನ್ ಹತ್ತಿರದಿಂದ ಟಿ2 ಟ್ರಾಮ್ ನೇರವಾಗಿ ಏರ್‌ಪೋರ್ಟ್‌ಗೆ ಹೋಗುತ್ತದೆ. ಊರೊಳಗಿನ ಕೌಂಟರ್‌ಗಿಂತ ಇದು ಎಷ್ಟೋ ವಾಸಿ, ಏಕೆಂದರೆ ಕಾರು ಕೈಗೆ ಬಂದ ಮೊದಲ ಹತ್ತು ನಿಮಿಷದಲ್ಲೇ ಹಳೇ ಊರಿನ ಗಲ್ಲಿಗೆ ನುಗ್ಗುವ ಅಪಾಯ ಇರುವುದಿಲ್ಲ. ಅಲ್ಲಿಂದ ಗ್ರೇವೆ ಮೇಲೆ ಸಿಯೆನಾಕ್ಕೆ ಹೋಗುವ 222ನೇ ನಂಬರಿನ ರಸ್ತೆ ಹಿಡಿಯಿರಿ. ಕೊಡಗಿನ ತಿರುವು ರಸ್ತೆಗಳಲ್ಲಿ ಓಡಿಸಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ.

ಅಮ್ಮನ ವಿಷಯಕ್ಕೆ ಒಂದು ಮಾತು. ಸಿಯೆನಾ ಬೆಟ್ಟದ ಮೇಲಿನ ಊರು, ಏರು ಜಾಸ್ತಿ. ಸಂತಾ ಕತೆರಿನಾ ಅನ್ನುವ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದರೆ ಅಲ್ಲಿಂದ ಎಸ್ಕಲೇಟರ್‌ಗಳು ದೊಡ್ಡ ಚರ್ಚಿನ ಹತ್ತಿರದವರೆಗೆ ಹತ್ತಿಸುತ್ತವೆ. ಹಾಗೇ ಲಗೇಜು ಎಷ್ಟು ಅಂತ ಈಗಲೇ ಲೆಕ್ಕ ಹಾಕಿ. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದರೆ ಅಗ್ಗದ ಸಣ್ಣ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಬ್ಯಾಗು ಕಾಣುವ ಹಾಗೆ ಇಟ್ಟು ಕಾರು ನಿಲ್ಲಿಸಿ ಹೋಗಬಾರದು, ಪ್ರವಾಸಿಗರ ಕಾರಿನ ಗಾಜು ಒಡೆಯುವವರು ಅಲ್ಲೂ ಇದ್ದಾರೆ.

ಪ್ರಶ್ನೆ: ನನ್ನ ಡಿಎಲ್ ಸ್ಮಾರ್ಟ್ ಕಾರ್ಡ್, ಎಲ್ಲ ಇಂಗ್ಲಿಷ್‌ನಲ್ಲೇ ಇದೆ. ನಾನು ಕಾರು ಬುಕ್ ಮಾಡಿದ ತಾಣದವರು ಇಷ್ಟೇ ಸಾಕು ಅಂತಾರೆ. ಗೆಳೆಯರು ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು ಅಂತಾರೆ. ಯಾರನ್ನು ನಂಬಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಗೆಳೆಯರನ್ನು. ಇಟಲಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ಲೈಸೆನ್ಸ್ ಇದ್ದವರು ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಲೈಸೆನ್ಸಿನ ಅಧಿಕೃತ ಅನುವಾದ ಇರಬೇಕು. ಕೌಂಟರ್‌ನವರು ಕೇಳದೆ ಕೀಲಿ ಕೊಟ್ಟುಬಿಡಬಹುದು. ಆದರೆ ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ, ಅಥವಾ ಅಪಘಾತವಾಗಿ ಇನ್ಶೂರೆನ್ಸ್‌ನವರು ಕಾಗದ ಕೇಳಿದಾಗ, ಕೌಂಟರ್‌ನವರು ಬಂದು ನಿಲ್ಲುವುದಿಲ್ಲ ಅಲ್ವಾ?

ಪರ್ಮಿಟ್ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಪರಿವಾಹನ್‌ನ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಿಮ್ಮ ಆರ್‌ಟಿಒದಲ್ಲಿ ಪಡೆಯಬಹುದು. ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿಗಳನ್ನು ಸಿದ್ಧ ಇಟ್ಟುಕೊಳ್ಳಿ. ಷೆಂಗೆನ್ ವೀಸಾ ಎಷ್ಟೋ ಸಲ ಹೊರಡುವ ಹತ್ತಿರಕ್ಕೆ ಕೈಗೆ ಬರುತ್ತದೆ, ಅದಕ್ಕೇ ಪಾಸ್‌ಪೋರ್ಟ್ ವಾಪಸ್ ಬಂದ ದಿನವೇ ಅರ್ಜಿ ಹಾಕಿ, ನಾಳೆ ಅನ್ನಬೇಡಿ. ಪರ್ಮಿಟ್ ಒಂದೇ ಇದ್ದರೆ ಬೆಲೆಯಿಲ್ಲ, ಮೂಲ ಡಿಎಲ್ ಜೊತೆಗಿರಬೇಕು, ಫೋನಿನಲ್ಲಿರುವ ಡಿಜಿಲಾಕರ್ ಪ್ರತಿ ಅಲ್ಲಿ ನಡೆಯುವುದಿಲ್ಲ. ಡಾಲರ್ ಕಟ್ಟಿಸಿಕೊಂಡು ಮನೆಗೆ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಕಾರ್ಡ್ ಕಳಿಸುವ ತಾಣಗಳಿವೆ. ಆ ಕಾರ್ಡಿಗೆ ಕಾನೂನಿನ ಬೆಲೆ ಇಲ್ಲ, ದಯವಿಟ್ಟು ಅಲ್ಲಿ ದುಡ್ಡು ಕಳೆಯಬೇಡಿ.

ಪ್ರಶ್ನೆ: ಬುಕಿಂಗ್ ಮಾಡುವಾಗ ಇನ್ಶೂರೆನ್ಸ್ ಸೇರಿದೆ ಅಂತ ಇತ್ತು. ಅಲ್ಲಿ ಹೋದರೆ ಕೌಂಟರ್‌ನಲ್ಲಿ ಇನ್ನೊಂದು ಇನ್ಶೂರೆನ್ಸ್ ತಗೊಳ್ಳಿ ಅಂತ ಪೀಡಿಸುತ್ತಾರಂತೆ. ತೆಗೆದುಕೊಳ್ಳಬೇಕಾ? ಡೆಪಾಸಿಟ್‌ಗೆ ಫಾರೆಕ್ಸ್ ಕಾರ್ಡ್ ನಡೆಯುತ್ತಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಕಾರ್ಡಿನ ವಿಷಯ ಮೊದಲು, ಏಕೆಂದರೆ ಇದು ಸರಿಯಿಲ್ಲದಿದ್ದರೆ ಕಾರೇ ಸಿಗುವುದಿಲ್ಲ. ಬಹುತೇಕ ಕಂಪನಿಗಳು ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡನ್ನೇ ಕೇಳುತ್ತವೆ, ಅದೂ ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಗಂಡ ಓಡಿಸುತ್ತಾರೆ, ಕಾರ್ಡು ಹೆಂಡತಿಯದು ಅಂದರೆ ಒಪ್ಪುವುದಿಲ್ಲ. ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ. ಕಾರಿಗೆ ತಕ್ಕಂತೆ ಕೆಲವು ನೂರರಿಂದ ಎರಡು ಸಾವಿರ ಯೂರೋವರೆಗೂ ಕಾರ್ಡಿನಲ್ಲಿ ತಡೆಹಿಡಿಯಬಹುದು. ಅದು ಖರ್ಚಲ್ಲ, ಆದರೆ ಬಿಡುಗಡೆ ಆಗುವವರೆಗೆ ನಿಮ್ಮ ಲಿಮಿಟ್‌ನಲ್ಲಿ ಅಷ್ಟು ಕಡಿಮೆ, ಹೋಟೆಲಿಗೂ ಅದೇ ಕಾರ್ಡ್ ಬಳಸುವವರಿಗೆ ಇದು ತೊಂದರೆ ಕೊಡುತ್ತದೆ. ಹೊರಡುವ ಮೊದಲು ಬ್ಯಾಂಕ್ ಆಪ್‌ನಲ್ಲಿ ವಿದೇಶಿ ವಹಿವಾಟು ಆನ್ ಮಾಡಿ. 2020ರಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ರಿಸರ್ವ್ ಬ್ಯಾಂಕಿನ ನಿಯಮ. ಮೆಷಿನ್‌ನಲ್ಲಿ ರೂಪಾಯಿಯಲ್ಲಾ ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ದರ ಹಾಕುತ್ತಾರೆ.

ಈಗ ಇನ್ಶೂರೆನ್ಸ್. ಸೇರಿದೆ ಅಂತ ಬರೆದಿರುವುದು ಸುಳ್ಳಲ್ಲ. ಬೇರೆಯವರಿಗೆ ಆಗುವ ಹಾನಿಯ ಇನ್ಶೂರೆನ್ಸ್ ಅಲ್ಲಿ ಕಡ್ಡಾಯ, ಬಾಡಿಗೆಯಲ್ಲೇ ಇರುತ್ತದೆ. ಕಾರಿಗೆ ಆಗುವ ಹಾನಿಗೂ, ಕಳ್ಳತನಕ್ಕೂ ಒಂದು ರಕ್ಷಣೆ ಸಾಮಾನ್ಯವಾಗಿ ಇರುತ್ತದೆ, ಆದರೆ ಅದಕ್ಕೊಂದು ಮಿತಿ. ಉದಾಹರಣೆಗೆ ಮಿತಿ 1500 ಯೂರೋ ಅಂತ ಇದ್ದರೆ, ಬಂಪರ್ ರಿಪೇರಿಗೆ 900 ಆದಾಗ ಪೂರಾ 900 ನೀವೇ ಕೊಡಬೇಕು. 4000 ಆದರೆ ನಿಮ್ಮ ಪಾಲು 1500, ಉಳಿದದ್ದು ಅವರದು. ಟಯರು, ಗಾಜು, ಕಾರಿನ ಅಡಿಭಾಗ ಎಷ್ಟೋ ಸಲ ಇದಕ್ಕೂ ಹೊರಗೆ. ಕೌಂಟರ್‌ನಲ್ಲಿ ಮಾರುವುದು ಈ ಮಿತಿಯನ್ನು ಸೊನ್ನೆಗೆ ಇಳಿಸುವ ಇನ್ನೊಂದು ಪದರ. ದಿನಕ್ಕೆ 15ರಿಂದ 30 ಯೂರೋ ಸಾಮಾನ್ಯ ದರ. ಹೊರಗಿನ ಕಂಪನಿಗಳು ಇದನ್ನೇ ಅಗ್ಗಕ್ಕೆ ಕೊಡುತ್ತವೆ, ಆದರೆ ಅಲ್ಲಿ ಮೊದಲು ನೀವು ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು, ಡೆಪಾಸಿಟ್ ಕೂಡ ಕಡಿಮೆ ಆಗುವುದಿಲ್ಲ, ಮತ್ತು ಎಷ್ಟೋ ಪಾಲಿಸಿಗಳು ಭಾರತದಲ್ಲಿ ವಾಸ ಇರುವವರಿಗೆ ಸಿಗುವುದೇ ಇಲ್ಲ.

ನನ್ನ ಸಲಹೆ ಹೀಗೆ. ಮೊದಲ ಸಲ ಎಡಗಡೆ ಸ್ಟೇರಿಂಗ್ ಹಿಡಿಯುವವರು, ಇಕ್ಕಟ್ಟಾದ ಹಳ್ಳಿಗಳಿಗೆ ಹೋಗುವವರು, ಸೊನ್ನೆ ಮಿತಿಯ ರಕ್ಷಣೆಯನ್ನು ಬಾಡಿಗೆ ಕಂಪನಿಯಿಂದಲೇ ತೆಗೆದುಕೊಳ್ಳಿ. ಆದರೆ ಕೌಂಟರ್‌ನಲ್ಲಿ ಗಾಬರಿಯಿಂದ ಹೂಂ ಅನ್ನಬೇಡಿ, ಮನೆಯಲ್ಲೇ ಕಂಪನಿಯ ಸ್ವಂತ ತಾಣದಲ್ಲಿ ಸೇರಿಸಿ ಬುಕ್ ಮಾಡಿ, ಸಾಮಾನ್ಯವಾಗಿ ಅಲ್ಲಿ ಕಡಿಮೆ ಇರುತ್ತದೆ. ದಿನಕ್ಕೆ ತೀರಾ ಅಗ್ಗದ ಬಾಡಿಗೆ ತೋರಿಸುವ ಕಂಪನಿಗಳನ್ನು ಹೋಲಿಸುವಾಗ ಈ ಮೊತ್ತ ಕೂಡಿಸಿಯೇ ಹೋಲಿಸಿ.

ಕೀಲಿ ಸಿಕ್ಕ ಮೇಲೆ ಹೊರಡುವ ಅವಸರ ಬೇಡ. ಕಾರಿನ ಸುತ್ತ ನಡೆದು ವಿಡಿಯೋ ಮಾಡಿ. ಚಕ್ರದ ರಿಮ್, ಗಾಜು, ಬಂಪರಿನ ಕೆಳಭಾಗ, ಕಿಲೋಮೀಟರ್ ಮತ್ತು ಪೆಟ್ರೋಲ್ ಮುಳ್ಳು ಎಲ್ಲ ಬರಲಿ. ಇರುವ ಪ್ರತಿ ಗೀಚೂ ಅವರ ಹಾಳೆಯಲ್ಲಿ ಗುರುತಾಗಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿ ಸಹಿ ಹಾಕಿಸಿ. ವಾಪಸ್ ಕೊಡುವಾಗಲೂ ಇದೇ ಕೆಲಸ. ರಾತ್ರಿ ಕೀಲಿ ಡಬ್ಬಿಗೆ ಹಾಕಿ ಬರುವ ಬದಲು ಸಿಬ್ಬಂದಿ ಇರುವಾಗ ಒಪ್ಪಿಸಿದರೆ ಒಳ್ಳೆಯದು.

ಪ್ರಶ್ನೆ: ಇಟಲಿಯಿಂದ ಬಂದು ನಾಲ್ಕು ತಿಂಗಳಾಯಿತು. ಈಗ ಬಾಡಿಗೆ ಕಂಪನಿ ನನ್ನ ಕಾರ್ಡಿನಿಂದ ಎರಡು ಸಲ ಸುಮಾರು 50 ಯೂರೋ ಕಳೆದಿದೆ. ಕೇಳಿದರೆ ಫ್ಲಾರೆನ್ಸ್‌ನಲ್ಲಿ ದಂಡ ಅಂತಾರೆ. ನಮ್ಮನ್ನು ಯಾವ ಪೊಲೀಸರೂ ನಿಲ್ಲಿಸಿಲ್ಲ. ಇದು ಮೋಸ ಅಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಸರದ ಸುದ್ದಿ. ಮೋಸ ಇರಲಿಕ್ಕಿಲ್ಲ, ಮತ್ತು ಆ ದುಡ್ಡು ದಂಡವೂ ಅಲ್ಲ. ಕಾರು ಯಾರ ಕೈಯಲ್ಲಿತ್ತು ಅಂತ ನಗರ ಪೊಲೀಸರಿಗೆ ನಿಮ್ಮ ಹೆಸರು, ವಿಳಾಸ ಕೊಟ್ಟದ್ದಕ್ಕೆ ಕಂಪನಿ ಹಾಕುವ ಶುಲ್ಕ ಅದು. ನಿಮ್ಮ ಬಾಡಿಗೆ ಕರಾರಿನಲ್ಲಿ ಅದರ ಉಲ್ಲೇಖ ಇದೆಯಾ ನೋಡಿ. ನಿಜವಾದ ದಂಡದ ಪತ್ರ ಮೈಸೂರಿನ ಮನೆಗೇ ಬರುತ್ತದೆ, ಎರಡು ಸಲ ಕಳೆದಿದ್ದಾರೆ ಅಂದರೆ ಎರಡು ಪತ್ರ ಬರಬಹುದು.

ಆಗಿರುವುದು ಬಹುಶಃ ಇಷ್ಟು. ಫ್ಲಾರೆನ್ಸ್, ಸಿಯೆನಾ, ಪೀಸಾ, ರೋಮ್ ಹೀಗೆ ಹೆಚ್ಚಿನ ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ವಾಹನ ಬಿಡುವುದಿಲ್ಲ. ಆ ಪ್ರದೇಶಕ್ಕೆ ಝೆಡ್‌ಟಿಎಲ್ ಅಂತಾರೆ. ಗೇಟಿಲ್ಲ, ಕಾವಲಿಲ್ಲ. ಬಿಳಿ ಫಲಕದ ಮೇಲೆ ಕೆಂಪು ವೃತ್ತ, ಮೇಲೊಂದು ಕ್ಯಾಮೆರಾ. 'ವಾರ್ಕೊ ಅತ್ತಿವೊ' ಅಂತ ದೀಪದ ಅಕ್ಷರ ಹೊತ್ತಿದ್ದರೆ ಪ್ರವೇಶ ಇಲ್ಲ ಅಂತ ಅರ್ಥ. ದಾಟಿದ ಪ್ರತಿ ಸಲಕ್ಕೂ ಬೇರೆ ದಂಡ, ಒಂದೊಂದೂ 80 ಯೂರೋಗಿಂತ ಮೇಲೆ, ಅಂಚೆ ಖರ್ಚು ಬೇರೆ. ವಿದೇಶದಲ್ಲಿರುವವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನ ಕಾಲಾವಕಾಶವಿದೆ, ಅದಕ್ಕೇ ಇಷ್ಟು ತಡ.

ಪತ್ರ ಬಂದಾಗ ದಿನಾಂಕ, ಸಮಯ, ಕಾರಿನ ನಂಬರ್ ನಿಮ್ಮ ಕರಾರಿನ ಜೊತೆ ತಾಳೆ ನೋಡಿ. ಸರಿ ಇದ್ದರೆ ತಡ ಮಾಡದೆ ಕಟ್ಟಿಬಿಡಿ, ಪತ್ರ ಸಿಕ್ಕ 5 ದಿನದೊಳಗೆ ಕಟ್ಟಿದರೆ 30% ಕಡಿಮೆ, 60 ದಿನ ದಾಟಿದರೆ ಮೊತ್ತ ಏರುತ್ತದೆ. ಹೋಟೆಲ್ ಆ ಪ್ರದೇಶದ ಒಳಗೇ ಇದ್ದು, ಅವರು ನಿಮ್ಮ ಕಾರಿನ ನಂಬರ್ ನೋಂದಾಯಿಸುವುದಾಗಿ ಒಪ್ಪಿದ್ದರೆ ಅದರ ಮೇಲ್ ಹುಡುಕಿ, ಮೇಲ್ಮನವಿಗೆ ಅದು ಆಧಾರ.

ಇನ್ನು ಹೋಗುವವರು ಇದನ್ನು ಗಮನಿಸಿ. ಮ್ಯಾಪ್ ಆಪ್ ಈ ಪ್ರದೇಶಗಳನ್ನು ಯಾವಾಗಲೂ ತಪ್ಪಿಸುವುದಿಲ್ಲ. ಊರ ಹೊರಗಿನ ಪಾರ್ಕಿಂಗ್‌ನ ಹೆಸರನ್ನೇ ಅದರಲ್ಲಿ ಹಾಕಿ, ಊರಿನ ಹೆಸರನ್ನಲ್ಲ. ಫ್ಲಾರೆನ್ಸ್‌ಗೆ ಕಾರಿನಲ್ಲೇ ಬರುವವರಿಗೆ ಎ1 ಹೆದ್ದಾರಿಗೇ ಅಂಟಿಕೊಂಡಿರುವ ವಿಲ್ಲಾ ಕೊಸ್ತಾಂಜಾ ಪಾರ್ಕಿಂಗ್ ಇದೆ, ಅಲ್ಲಿಂದ ಟಿ1 ಟ್ರಾಮ್ ಹತ್ತಿದರೆ ಊರ ನಡುವೆ ಇಳಿಯಬಹುದು. ಬೀದಿಯಲ್ಲಿ ನಿಲ್ಲಿಸುವುದಾದರೆ ಬಿಳಿ ಗೆರೆ ಸಾಮಾನ್ಯವಾಗಿ ಉಚಿತ, ನೀಲಿ ಗೆರೆಗೆ ದುಡ್ಡು, ಹಳದಿ ಗೆರೆ ಬೇರೆಯವರಿಗೆ ಮೀಸಲು.

ಪ್ರಶ್ನೆ: ಬಲಗಡೆ ಓಡಿಸುವುದು ಅಭ್ಯಾಸ ಆಗುತ್ತಾ? ಟೋಲ್ ಹೇಗೆ ಕಟ್ಟುವುದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆಗುತ್ತದೆ. ಆಟೊಮ್ಯಾಟಿಕ್ ಕಾರನ್ನೇ ಬುಕ್ ಮಾಡಿ. ಅಲ್ಲಿ ಗೇರಿನ ಕಾರುಗಳು ಜಾಸ್ತಿ, ಆಟೊಮ್ಯಾಟಿಕ್‌ಗೆ ಬಾಡಿಗೆ ಹೆಚ್ಚು, ಆದರೂ ಬಲಗೈಯಲ್ಲಿ ಗೇರು ಹಾಕುವ ಪಾಡು ತಪ್ಪುತ್ತದೆ. ಎಚ್ಚರ ಬೇಕಾಗುವುದು ಎಡಕ್ಕೆ ತಿರುಗುವಾಗ ಮತ್ತು ಖಾಲಿ ರಸ್ತೆಗೆ ಇಳಿಯುವಾಗ, ಎದುರು ವಾಹನ ಇಲ್ಲದಾಗ ಕೈ ತಾನಾಗಿ ಹಳೇ ಬದಿಗೆ ಹೋಗುತ್ತದೆ. ಪಕ್ಕದಲ್ಲಿ ಕೂತವರು ಆಗ ನೆನಪಿಸಲಿ. ಹೆದ್ದಾರಿಯಲ್ಲಿ ಮಿತಿ ಗಂಟೆಗೆ 130 ಕಿ.ಮೀ., ಮಳೆಯಲ್ಲಿ 110, ಊರೊಳಗೆ 50. ಎಡ ಲೇನ್ ಓವರ್‌ಟೇಕ್‌ಗೆ ಮಾತ್ರ.

ಟೋಲ್‌ನಲ್ಲಿ ಹತ್ತುವಾಗ ಚೀಟಿ ತೆಗೆದುಕೊಳ್ಳಿ, ಇಳಿಯುವಾಗ ಕಟ್ಟಿ. ಚೀಟಿ ಕಳೆದರೆ ತೀರಾ ದೂರದ ಗೇಟಿನಿಂದ ಬಂದಿರಿ ಅಂತ ಲೆಕ್ಕ ಹಾಕುತ್ತಾರೆ. ಹಳದಿ ಟೆಲಿಪಾಸ್ ಲೇನ್ ನಮ್ಮ ಫಾಸ್ಟ್ಯಾಗ್ ಥರ, ಆ ಉಪಕರಣ ಇಲ್ಲದಿದ್ದರೆ ಅಲ್ಲಿಗೆ ಹೋಗಬೇಡಿ. ಕೈಯಲ್ಲಿ ಸ್ವಲ್ಪ ನಗದು ಯೂರೋ ಇರಲಿ, ನಮ್ಮ ಕಾರ್ಡನ್ನು ಕೆಲವು ಮೆಷಿನ್ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ: ಪೆಟ್ರೋಲ್ ಯಾವುದು, ಡೀಸೆಲ್ ಯಾವುದು ಅಂತ ಬಂಕ್‌ನಲ್ಲಿ ಹೇಗೆ ಗೊತ್ತಾಗುತ್ತದೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಬೆಂಜಿನಾ ಪೆಟ್ರೋಲ್, ಗಜೋಲಿಯೊ ಡೀಸೆಲ್. ಮುಚ್ಚಳದ ಒಳಗಿನ ಗುರುತು ನೋಡಿ: ವೃತ್ತ ಇದ್ದರೆ ಪೆಟ್ರೋಲ್, ಚೌಕ ಇದ್ದರೆ ಡೀಸೆಲ್, ಬಂಕ್‌ನ ಪೈಪಿನ ಮೇಲೂ ಅದೇ ಗುರುತು. ಹಳೇ ಕಾರಿನಲ್ಲಿ ಅದು ಇಲ್ಲದಿದ್ದರೆ ಕೀಲಿ ಕೊಡುವಾಗಲೇ ಕೇಳಿಕೊಳ್ಳಿ. ನೀವೇ ಹಾಕಿಕೊಳ್ಳುವ 'ಫಾಯ್ ದಾ ತೆ' ಪಂಪಿನಲ್ಲಿ ದರ ಕಡಿಮೆ. ಟ್ಯಾಂಕ್ ತುಂಬಿಸಿ ಕೊಟ್ಟ ಕಾರನ್ನು ತುಂಬಿಸಿಯೇ ವಾಪಸ್ ಕೊಡಿ, ಬಿಲ್ಲು ಇಟ್ಟುಕೊಳ್ಳಿ.