ಸೂಜಿ ಚಿಕಿತ್ಸೆಯಿಂದ ಈ ಸೆಕೆ ಇಳಿಯುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 49 ವರ್ಷ. ಮಲ್ಲಿಗೆ ಕಟ್ಟುವುದು ಕಸುಬು. ಮುಟ್ಟು ನಿಂತು 14 ತಿಂಗಳಾಯಿತು. ಹೂ ಕಟ್ಟುತ್ತಿರುವಾಗಲೇ ಎದೆಯಿಂದ ಮುಖದವರೆಗೆ ಬಿಸಿ ಏರುತ್ತದೆ, ಕೈ ಬೆವತು ಬಾಳೆನಾರು ಜಾರುತ್ತದೆ. ರಾತ್ರಿ ಮೂರು ಸಲ ಎಚ್ಚರ. ಹಾರ್ಮೋನು ಮಾತ್ರೆಯೆಂದರೆ ಭಯ. ಸೂಜಿ ಚುಚ್ಚುವ ಆಕ್ಯುಪಂಕ್ಚರ್ ಮಾಡಿಸಿಕೊ ಎಂದು ನಾದಿನಿ ಹೇಳುತ್ತಾಳೆ. ಹೋಗಲೇ?
– ಓದುಗರು, ಶಂಕರಪುರ

ಉತ್ತರ: ಹೋಗಿ. ಆದರೆ ಅದಕ್ಕೆ ಮೊದಲು ಎರಡು ವಾರ ದಿನಕ್ಕೆ ಎಷ್ಟು ಸಲ ಬಿಸಿ ಏರಿತು, ರಾತ್ರಿ ಎಷ್ಟು ಸಲ ಎದ್ದಿರಿ ಎಂದು ಬರೆದಿಡಿ. ನಮ್ಮ ಕರಾವಳಿಯ ಹೆಂಗಸರು ಇದನ್ನು ‘ಸೆಕೆ’ ಎಂದು ನುಂಗಿಕೊಂಡುಬಿಡುತ್ತಾರೆ. ನನಗೆ ಅದು ಸಂಕಟದ ವಿಷಯ. ಏಪ್ರಿಲ್ ತಿಂಗಳ ಸೆಕೆ ಮನೆಮಂದಿಗೆಲ್ಲ ಆಗುತ್ತದೆ, ಇದು ಫ್ಯಾನಿನ ಕೆಳಗೆ ಕುಳಿತ ನಿಮಗೊಬ್ಬರಿಗೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ, ಮೈಯ ಶಾಖವನ್ನು ಕಾಯುವ ಮೆದುಳಿನ ಭಾಗವು ಸಣ್ಣ ಏರಿಳಿತವನ್ನೂ ಸಹಿಸದೆ ಬೆವರು ಸುರಿಸುತ್ತದೆ.

ಸೂಜಿಯ ಬಗ್ಗೆ 2016ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದಲ್ಲಿ 209 ಹೆಂಗಸರ ಪೈಕಿ, ಆರು ತಿಂಗಳಲ್ಲಿ 20 ಸಲದವರೆಗೆ ಚಿಕಿತ್ಸೆ ಪಡೆದವರಿಗೆ ಬಿಸಿ ಏರುವುದು ಶೇಕಡ 37ರಷ್ಟು ತಗ್ಗಿತು, ಪಡೆಯದವರಿಗೆ ತಗ್ಗಲಿಲ್ಲ. ಆಸ್ಟ್ರೇಲಿಯಾದಲ್ಲಿ 327 ಮಂದಿಯಲ್ಲಿ ಕೆಲವರಿಗೆ ನಿಜವಾದ ಸೂಜಿ, ಉಳಿದವರಿಗೆ ಚರ್ಮದೊಳಗೆ ಇಳಿಯದ ಮೊಂಡು ಸೂಜಿ. ಎರಡೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಸಮನಾದ ಆರಾಮ, ಶೇಕಡ 40ರಷ್ಟು!

ನಾನೂ 51ರ ವಯಸ್ಸಿನಲ್ಲಿ ವಾರಕ್ಕೊಮ್ಮೆಯಂತೆ ಹತ್ತು ವಾರ ಮಾಡಿಸಿಕೊಂಡೆ. ಕಾಲಿನ ಒಳಗಂಟಿನಿಂದ ನಾಲ್ಕು ಬೆರಳು ಮೇಲೆ ಸೂಜಿ ಇಳಿದಾಗ ನೋವೆನ್ನಲಾಗದ ಒಂದು ಭಾರವಾದ ಸೆಳೆತ. ದಿನಕ್ಕೆ ಒಂಬತ್ತು ಇದ್ದದ್ದು ಐದಾಯಿತು, ನಿದ್ದೆ ಮರಳಿತು. ಅದು ಸೂಜಿಯ ಗುಣವೋ, ಯಾರೂ ಕರೆಯದೆ ಅರ್ಧ ಗಂಟೆ ಮಲಗಿದ್ದರ ಗುಣವೋ, ಆಣೆಯಿಟ್ಟು ಹೇಳಲಾರೆ. ಒಂಬತ್ತು ಐದಾದದ್ದು ಮಾತ್ರ ನನ್ನ ಪುಸ್ತಕದಲ್ಲಿದೆ.

ವಾರಕ್ಕೊಮ್ಮೆಯಂತೆ ಎಂಟು ಸಲ ಮಾಡಿಸಿಕೊಂಡ ಮೇಲೂ ನಿಮ್ಮ ಲೆಕ್ಕ ಇಳಿಯದಿದ್ದರೆ ನಿಲ್ಲಿಸಿ, ಮತ್ತೆ ಹಣ ಸುರಿಯಬೇಡಿ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಪದವಿಯಲ್ಲಿ ಆಕ್ಯುಪಂಕ್ಚರ್ ಕಲಿಸುತ್ತಾರೆ, ಉಜಿರೆಯಲ್ಲೇ ಅಂಥ ಕಾಲೇಜಿದೆ. ಹಾಗೆ ಓದಿದವರನ್ನೇ ಹುಡುಕಿ. ಸೂಜಿಯ ಹೊಸ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಥೈರಾಯ್ಡ್ ಹೆಚ್ಚಾದರೂ ಇಂಥದೇ ಬೆವರು ಬರುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಇನ್ನು ಮುಂದೆ ಒಂದು ಹನಿ ರಕ್ತಸ್ರಾವ ಕಂಡರೂ ಸೂಜಿಯವರ ಬಳಿ ಅಲ್ಲ, ನೇರವಾಗಿ ಸ್ತ್ರೀರೋಗ ತಜ್ಞರ ಬಳಿ ಹೋಗಿ.

ಹಾರ್ಮೋನಿನ ಬಾಗಿಲನ್ನೂ ಮುಚ್ಚಬೇಡಿ. ಈ ಬಾಧೆಗೆ ಅದರಷ್ಟು ಪರಿಣಾಮಕಾರಿ ಮದ್ದು ಇನ್ನೊಂದಿಲ್ಲ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಹೃದ್ರೋಗ, ಪಾರ್ಶ್ವವಾಯುಗಳ ಇತಿಹಾಸವಿಲ್ಲದ ನಿಮ್ಮ ವಯಸ್ಸಿನ ಹೆಚ್ಚಿನವರಿಗೆ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು.

ಬೆಳಗ್ಗೆ ಹೂವಿನ ಅವಸರವಿರುವುದರಿಂದ, ಹೂವು ಕೊಳ್ಳುವ ಕಟ್ಟೆಗೆ ಮಲ್ಲಿಗೆ ಕೊಟ್ಟ ಮೇಲಿನ ಮಧ್ಯಾಹ್ನದ ಹೊತ್ತನ್ನೇ ಕೇಳಿ ಪಡೆಯಿರಿ. ಮಲ್ಲಿಗೆಯ ಅಟ್ಟೆಗೆ (ಕಟ್ಟಿದ ಹೂವಿನ ಅಳತೆಗೆ) ಬೆಲೆ ಏರುವ ಮದುವೆಯ ಹಂಗಾಮಿಗೆ ಮೊದಲೇ ಎಂಟೂ ವಾರ ಮುಗಿಯಲಿ. ಆಮೇಲೆ ನಿಮಗೆ ಮಲಗಲು ಅರ್ಧ ಗಂಟೆಯೂ ಸಿಗುವುದಿಲ್ಲ.